ಹಲ್ಲು ಸವೆದ ಮುದಿ ಕುದುರೆಗೆ ಮೇವು: ಕರಾವಳಿಯ ಕಲಿಕೆದಾರರಿಗೆ ಒಂದು ಅಧ್ಯಯನ ಟಿಪ್ಪಣಿ

ಮಂಗಳೂರು, ಉಡುಪಿಯ ಕಡೆ ಪಶುಪಾಲನೆ ಕಲಿಯುವ ನಮ್ಮಲ್ಲಿ ಹೆಚ್ಚಿನವರ ಕೈ ಪಳಗಿರುವುದು ದನ, ಎಮ್ಮೆಗಳ ಆರೈಕೆಯಲ್ಲಿ. ಆದ್ದರಿಂದ 20 ವರ್ಷ ದಾಟಿದ ಕುದುರೆಯೊಂದು ಮೈ ಇಳಿಯತೊಡಗಿದಾಗ, ದನಕ್ಕೆ ಅಕ್ಕಚ್ಚು ಇಡುವಂತೆ, ಬೂಸಾ ಮತ್ತು ತೌಡನ್ನು ನೀರಿನಲ್ಲಿ ಕಲಸಿ ಅದರ ಮುಂದಿಡುವುದೇ ಮೊದಲು ತೋಚುವ ಉಪಾಯ. ಅದು ಏಕೆ ಸಾಲದು, ದಿನವೂ ಮುಂದುವರಿದರೆ ಏಕೆ ಹಾನಿಕರ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಹಲ್ಲು ಹೋದ ಕುದುರೆಗೂ ಮುಖ್ಯ ಆಹಾರ ನಾರೇ. ಅಗಿಯುವ ಕೆಲಸವನ್ನಷ್ಟೇ ಅದರ ಪರವಾಗಿ ನಾವು ಮಾಡಿಕೊಡಬೇಕು.

ಕುದುರೆಗೆ 24 ದವಡೆ ಹಲ್ಲುಗಳಿವೆ. ಎಳೆಯ ಪ್ರಾಯದಲ್ಲಿ ಅವುಗಳ ಬಹುಪಾಲು ಎಲುಬಿನೊಳಗೆ ಹುದುಗಿದ್ದು, ಮೇಲ್ಭಾಗ ಸವೆದಂತೆಲ್ಲ ವರ್ಷಕ್ಕೆ ಸುಮಾರು 2ರಿಂದ 3 ಮಿಲಿಮೀಟರ್‌ನಂತೆ ಹೊರಗೆ ಬರುತ್ತವೆ. ಇದು ಹೊಸ ಬೆಳವಣಿಗೆಯಲ್ಲ, ಕೂಡಿಟ್ಟದ್ದು ಖರ್ಚಾಗುವುದು. 25–30ರ ಪ್ರಾಯಕ್ಕೆ ಆ ದಾಸ್ತಾನು ಬಹುಮಟ್ಟಿಗೆ ಮುಗಿದಿರುತ್ತದೆ. ಆಗ ಎನಾಮೆಲ್‌ನ ಏಣುಗಳು ಅಳಿದು, ಮುಳ್ಳು ಹೋದ ಕಡೆಯುವ ಕಲ್ಲಿನಂತೆ ಹಲ್ಲಿನ ಮೇಲ್ಮೈ ನುಣುಪಾಗುತ್ತದೆ. ಕಲ್ಲಿಗಾದರೆ ಮತ್ತೆ ಮುಳ್ಳು ಹಾಕಿಸಬಹುದು, ಹಲ್ಲಿಗೆ ಆ ದಾರಿಯಿಲ್ಲ. ಪಶುವೈದ್ಯರು ಅರ ಹಾಕಿ ಚೂಪು ಅಂಚುಗಳನ್ನು ತೆಗೆಯಬಲ್ಲರು, ಅಲುಗಾಡುವ ಹಲ್ಲನ್ನು ಕೀಳಬಲ್ಲರು. ನೋವು ಇದರಿಂದ ಕಡಿಮೆಯಾಗುತ್ತದೆ, ಅರೆಯುವ ಶಕ್ತಿ ಮರಳುವುದಿಲ್ಲ.

ಮೈ ಇಳಿಯುವ ಮೊದಲೇ ಕುರುಹುಗಳು ಲಾಯದ ನೆಲದಲ್ಲಿ ಸಿಗುತ್ತವೆ. ಕುದುರೆ ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಹೊರಳಿಸಿ, ಬೆರಳಿನಷ್ಟು ದಪ್ಪದ ಒದ್ದೆ ಸುರುಳಿಯಾಗಿ ಉಗುಳುತ್ತದೆ. ಅಂಥ ಒಂದು ಸುರುಳಿಯನ್ನು ಬಿಡಿಸಿ ನೋಡಿದರೆ ಜೊಲ್ಲಿನಲ್ಲಿ ಹೆಣೆದುಕೊಂಡ ಉದ್ದನೆಯ ಎಸಳುಗಳು ಹೆಚ್ಚುಕಡಿಮೆ ಇಡಿಯಾಗಿಯೇ ಕಾಣುತ್ತವೆ. ಲದ್ದಿಯನ್ನು ಬೆರಳುಗಳ ನಡುವೆ ಉಜ್ಜಿದಾಗ ಉದ್ದ ನಾರು, ಇಡೀ ಕಾಳು ಸಿಕ್ಕರೆ ಅದೂ ಇದೇ ಕಥೆಯನ್ನು ಹೇಳುತ್ತದೆ. ದನವಾದರೆ ನುಂಗಿದ್ದನ್ನು ಮರಳಿ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಕುದುರೆಗೆ ಇರುವುದು ಒಂದೇ ಅವಕಾಶ. ಅರೆಯದೆ ಒಳಗೆ ಹೋದ ಒರಟು ನಾರು ದೊಡ್ಡ ಕರುಳಿನಲ್ಲಿ ಗಟ್ಟಿ ಕಟ್ಟಿ ಹೊಟ್ಟೆಶೂಲೆಗೆ ಕಾರಣವಾಗುತ್ತದೆ. ಇನ್ನೊಂದು ಮಾತು: ಕುದುರೆಯ ಬಾಯಲ್ಲಿ ಜೊಲ್ಲು ಸುರಿಯುವುದು ಬಹುಮಟ್ಟಿಗೆ ಅಗಿಯುವಾಗ ಮಾತ್ರ, ಆದರೆ ಆ ಜೊಲ್ಲು ತಣಿಸಬೇಕಾದ ಆಮ್ಲ ಜಠರದಲ್ಲಿ ದಿನವಿಡೀ ಒಸರುತ್ತಿರುತ್ತದೆ. ಅಗಿಯುವುದು ಕಡಿಮೆಯಾದ ಪ್ರಾಣಿಗೆ ನೀರು ಬೆರೆಸಿದ ಆಹಾರವನ್ನು ಪದೇ ಪದೇ ಕೊಡಬೇಕಾದುದು ಇದಕ್ಕಾಗಿಯೇ.

ಈಗ ಬೂಸಾದ ವಿಚಾರ. ಗೋಧಿ ಬೂಸಾದಲ್ಲಿ ರಂಜಕವು ಕ್ಯಾಲ್ಸಿಯಂನ ಸುಮಾರು 8 ಪಟ್ಟು ಇರುತ್ತದೆ. ಅಕ್ಕಿ ತೌಡಿನಲ್ಲಿಯೂ ರಂಜಕದ್ದೇ ಮೇಲುಗೈ. ಕುದುರೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಿರಬಾರದು, ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುವ ಬೈಹುಲ್ಲು ಮತ್ತು ಸಂಕರ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದ್ದು, ಇರುವ ಅಲ್ಪ ಕ್ಯಾಲ್ಸಿಯಂ ಅನ್ನೂ ಅದು ಕರುಳಿನಲ್ಲಿ ಕಟ್ಟಿಹಾಕುತ್ತದೆ. ಹೀಗೆ ಕೊರತೆ ಬಿದ್ದಾಗ ದೇಹವು ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುತ್ತದೆ; ಮುಖದ ಮತ್ತು ದವಡೆಯ ಎಲುಬುಗಳು ಮೆದುವಾಗಿ ಊದಿಕೊಳ್ಳುತ್ತವೆ, ಹಲ್ಲುಗಳು ಸಡಿಲವಾಗುತ್ತವೆ. ಹಲ್ಲಿಲ್ಲವೆಂದು ಕರುಣೆಯಿಂದ ಕೊಟ್ಟ ಬೂಸಾವೇ ಉಳಿದ ಹಲ್ಲುಗಳನ್ನೂ ಅಲುಗಿಸುವ ಈ ಸಂಬಂಧವನ್ನು ಕಲಿಯುವವರು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೂಸಾ ಕೊಡಲೇಬೇಕಾದರೆ ಅಲ್ಪ ಪ್ರಮಾಣದಲ್ಲಿ, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸೇರಿಸಿ ಕೊಡಬೇಕು. ಎಲೆಗೆ ಹಚ್ಚುವ ಸುಣ್ಣ ಬೇರೆ ವಸ್ತು, ಅದು ಬಾಯಿ ಸುಡುತ್ತದೆ.

ಪ್ರಮಾಣವನ್ನು ಕಣ್ಣಳತೆಯಿಂದ ನಿರ್ಧರಿಸುವುದು ಬೇಡ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲಿನ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,877ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋಗ್ರಾಂನಲ್ಲಿ ಬರುತ್ತದೆ. ಸುತ್ತಳತೆ 150, ಉದ್ದ 140 ಇದ್ದರೆ ತೂಕ ಸುಮಾರು 265 ಕಿಲೋ. ದಿನಕ್ಕೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣ ಪದಾರ್ಥ (ನೀರಿನಂಶ ಕಳೆದು ಉಳಿಯುವ ಮೇವು) ಬೇಕೆಂಬ ಲೆಕ್ಕದಲ್ಲಿ, ಬಡಕಲಾದ ಈ ಕುದುರೆಗೆ 5.3 ಕಿಲೋ, ಅಂದರೆ ಶೇ. 10ರಷ್ಟು ತೇವವಿರುವ ಒಣ ಮೇವಾದರೆ ಸುಮಾರು 5.9 ಕಿಲೋ ಆಯಿತು. ಜಠರ ಚಿಕ್ಕದಾದ್ದರಿಂದ ಇದನ್ನು ನಾಲ್ಕೈದು ಸಲಕ್ಕೆ ಹಂಚಬೇಕು.

ಇದರ ಬಹುಪಾಲು ಕುದುರೆ ಮೆಂತ್ಯದ (ಲ್ಯೂಸರ್ನ್ ಎಂಬ ಮೇವಿನ ಸೊಪ್ಪು) ಅಥವಾ ಒಣಹುಲ್ಲಿನ, ಪುಡಿಮಾಡಿ ಒತ್ತಿದ ಗುಳಿಗೆಯಾದರೆ ಉತ್ತಮ. ಎರಡು ಮೂರು ಪಟ್ಟು ನೀರಿನಲ್ಲಿ ನೆನೆಸಿ, ಒಳಗೆ ಗಟ್ಟಿ ಉಳಿದಿಲ್ಲವೆಂದು ಕೈಯಿಂದ ಹಿಸುಕಿ ನೋಡಿಯೇ ಇಡಬೇಕು. ಕುದುರೆ ಮೆಂತ್ಯದಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದು ಮೇಲೆ ಹೇಳಿದ ಕೊರತೆಯನ್ನೂ ತುಂಬುತ್ತದೆ. ಮೂತ್ರಪಿಂಡ ದುರ್ಬಲವಾದ ಕುದುರೆಗೆ ಮಾತ್ರ ಅದೇ ಹೊರೆಯಾಗುವುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸುವುದು ಲೇಸು. ನಮ್ಮ ಗಾಣಗಳಲ್ಲಿ ಸಿಗುವ ಕೊಬ್ಬರಿ ಹಿಂಡಿಯನ್ನು ಈ ಪಟ್ಟಿಯಲ್ಲಿ ನಾನು ಮೇಲಿಡುತ್ತೇನೆ: ಪಿಷ್ಟ ಕಡಿಮೆ, ಎಣ್ಣೆಯಂಶವಿದೆ, ನೀರಿನಲ್ಲಿ ಬೇಗ ಮೆದುವಾಗುತ್ತದೆ. ಅದರಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ ಇರುವುದರಿಂದ ಸ್ವಲ್ಪ ಸೋಯಾ ಹಿಂಡಿ ಸೇರಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹಿಂಡಿಗೆ ಬೂಷ್ಟು ಹಿಡಿಯುವುದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಕಮಟು ವಾಸನೆ ಬಂದ ಹಿಂಡಿಯನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಈ ಸೆಕೆಯಲ್ಲಿ ಬೆಳಿಗ್ಗೆ ನೆನೆಸಿದ್ದು ಸಂಜೆಯೊಳಗೆ ಹುಳಿಯುತ್ತದೆ, ಹಾಗಾಗಿ ಪ್ರತಿ ಹೊತ್ತಿಗೂ ಬೇರೆಯಾಗಿ ನೆನೆಸಬೇಕು. ದನಗಳಿಗೆ ಮತ್ತು ಕೋಳಿಗಳಿಗೆ ತಯಾರಿಸಿದ ಚೀಲದ ಆಹಾರವನ್ನು ಕುದುರೆಗೆ ಇಡಲೇಬಾರದು. ಕೆಲವದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಅಲ್ಪ ಪ್ರಮಾಣದಲ್ಲಿಯೂ ಕುದುರೆಯ ಹೃದಯಕ್ಕೆ ಮಾರಕ.

ಮೈಕೂದಲು ಉದ್ದವಾಗಿ ಬೆಳೆದು ಉದುರದೆ ನಿಂತಿದ್ದರೆ ಪಿಟ್ಯುಟರಿ ಗ್ರಂಥಿಯ ಕಾಯಿಲೆಯನ್ನು ಶಂಕಿಸಬೇಕು. ಅಂಥ ಕುದುರೆಗೆ ಗೊರಸಿನ ಉರಿಯೂತದ ಭಯವಿರುವುದರಿಂದ ಬೆಲ್ಲ, ಬಾಳೆಹಣ್ಣು, ಗಂಜಿ ಯಾವುದೂ ಬೇಡ.

ತಿನ್ನಿಸುವ ಜಾಗವೂ ಮುಖ್ಯ. ಕಡಲತೀರದ ಮರಳು ನೆಲದಲ್ಲಿ ಇಟ್ಟರೆ, ಬಾಯಿಂದ ಉದುರಿದ ಒದ್ದೆ ಮೇವಿನ ಜೊತೆ ಮರಳೂ ಹೊಟ್ಟೆ ಸೇರುತ್ತದೆ. ರಬ್ಬರ್ ಹಾಸಿನ ಮೇಲೆ ಅಗಲವಾದ, ಆಳವಿಲ್ಲದ ತೊಟ್ಟಿ ಇಡುವುದು ಸೂಕ್ತ. ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ ತುಸು ಹೊತ್ತು ಬಿಟ್ಟರೆ, ಮರಳಿದ್ದಲ್ಲಿ ತಳದಲ್ಲಿ ಕೂರುತ್ತದೆ. ಗಬಗಬನೆ ನುಂಗುವ ಕುದುರೆಯ ತೊಟ್ಟಿಯಲ್ಲಿ ಬಾಯಿಗೆ ಹಿಡಿಯದಷ್ಟು ದೊಡ್ಡ, ನುಣುಪಾದ ಕಲ್ಲುಗಳನ್ನಿಟ್ಟರೆ ವೇಗ ತಗ್ಗುತ್ತದೆ.

ಇಷ್ಟಾದರೂ ಅನ್ನನಾಳದಲ್ಲಿ ಮೇವು ಸಿಕ್ಕಿಕೊಳ್ಳಬಹುದು. ಕುದುರೆ ಕತ್ತು ಚಾಚಿ ಕೆಮ್ಮುತ್ತದೆ, ಮೂಗಿನಿಂದ ಜೊಲ್ಲು ಮತ್ತು ಮೇವು ಇಳಿಯುತ್ತದೆ. ಶ್ವಾಸನಾಳ ಬೇರೆಯಾದ್ದರಿಂದ ಉಸಿರು ಮಾತ್ರ ಆಡುತ್ತಿರುತ್ತದೆ. ಆಗ ಮೇವು, ನೀರು ಎರಡನ್ನೂ ತೆಗೆದು, ತಲೆ ತಗ್ಗಿರುವಂತೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕರೆಸಬೇಕು. ದನಕ್ಕೆ ಗೊಟ್ಟದಲ್ಲಿ ಮದ್ದು ಹೊಯ್ಯುವ ಅಭ್ಯಾಸದವರು ಇಲ್ಲಿ ಎಣ್ಣೆಯನ್ನಾಗಲಿ ನೀರನ್ನಾಗಲಿ ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಡೆ ಬಿಟ್ಟ ಮೇಲೂ ಅನ್ನನಾಳದ ಒಳಪದರ ಹುಣ್ಣಾಗಿರುವ ಸಂಭವವಿರುವುದರಿಂದ, ವೈದ್ಯರು ಹೇಳುವವರೆಗೆ ಗುಳಿಗೆಯನ್ನು ತೆಳ್ಳಗೆ ಕದಡಿ, ಸ್ವಲ್ಪ ಸ್ವಲ್ಪವಾಗಿಯೇ ಕೊಡಬೇಕು.