160 ಎಚ್‌ಪಿಯ ಎಂಜಿನ್ 370 ಎಚ್‌ಪಿ ಕೊಟ್ಟಿದ್ದು ಹೇಗೆ?

ಕಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್ ಡೀಸೆಲ್ ಎಂಜಿನ್ನಿಗೆ ಆರು ಸಿಲಿಂಡರ್. ಒಂದೊಂದರ ವ್ಯಾಸ 102 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 120 ಮಿಲಿಮೀಟರ್. 1989ರಲ್ಲಿ ಇದು ಅಮೆರಿಕದ ಡಾಡ್ಜ್ ಪಿಕಪ್ ಟ್ರಕ್ಕುಗಳಿಗೆ ಬಂದಾಗ ಅದರ ಶಕ್ತಿ 160 ಎಚ್‌ಪಿ ಇತ್ತು. ಮುಂದೆ ಇದೇ ಅಳತೆಯ ಎಂಜಿನ್ ದೋಣಿಗಳಿಗೆಂದು 370 ಎಚ್‌ಪಿಯ ರೂಪದಲ್ಲೂ ಮಾರಾಟವಾಯಿತು. ಅಳತೆ ಕೂದಲೆಳೆಯಷ್ಟೂ ಬದಲಾಗದೆ ಶಕ್ತಿ ಎರಡು ಪಟ್ಟು ದಾಟಿತು. ಹಾಗಾದರೆ ಟ್ರಕ್ ಕೊಂಡವರಿಗೆ ಕಂಪನಿ ಅರ್ಧ ಶಕ್ತಿಯನ್ನು ಬಚ್ಚಿಟ್ಟು ಕೊಟ್ಟಿತೇ?

ಇಲ್ಲ. ಅದು ಅರ್ಥವಾಗಬೇಕಾದರೆ ಡೀಸೆಲ್ ಎಂಜಿನ್ ಕೆಲಸ ಮಾಡುವ ರೀತಿ ನೋಡಬೇಕು. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಬರುವ ಗಾಳಿಗೇ ಒಂದು ಕದ ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತೆರೆಯುವುದು ಆ ಕದ. ಡೀಸೆಲ್‌ಗೆ ಅಂಥ ಅಡೆತಡೆ ಬೇಕಿಲ್ಲ. ಗಾಳಿ ತನ್ನ ಪಾಡಿಗೆ ಬರುತ್ತದೆ, ಶಕ್ತಿ ಎಷ್ಟೆಂದು ತೀರ್ಮಾನಿಸುವುದು ಸಿಂಪಡಿಸಿದ ಇಂಧನ. ಹಳೆಯ ಇಂಜೆಕ್ಷನ್ ಪಂಪುಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ಸ್ಕ್ರೂ ಇರುತ್ತಿತ್ತು. ಕಾರ್ಖಾನೆಯಲ್ಲಿ ಅದನ್ನು ಹೊಂದಿಸಿ, ಯಾರೂ ಕೈಯಾಡಿಸದಂತೆ ಸೀಲ್ ಹಾಕುತ್ತಿದ್ದರು. ಅದನ್ನು ಸ್ವಲ್ಪ ಒಳಕ್ಕೆ ತಿರುಗಿಸಿದರೂ ಸಾಕು, ಪ್ರತಿ ಸಲವೂ ಹೆಚ್ಚು ಡೀಸೆಲ್ ಬೀಳುತ್ತದೆ, ಎಚ್‌ಪಿ ಏರುತ್ತದೆ. ಈಗ ಆ ಸ್ಕ್ರೂವಿನ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ.

ಆದರೆ ಎಲ್ಲಿಯವರೆಗೆ ಏರಿಸಬಹುದು? ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಇದು ಕಾಗದದ ಮೇಲಿನ ಲೆಕ್ಕ. ಸಿಲಿಂಡರಿನೊಳಗೆ ಇಂಧನಕ್ಕೆ ಗಾಳಿಯೊಡನೆ ಬೆರೆಯಲು ಸಿಗುವ ಸಮಯ ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗ. ಹಾಗಾಗಿ ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚೇ ಗಾಳಿ ಇರಬೇಕು. ಇಲ್ಲದಿದ್ದರೆ ಅರೆಬೆಂದ ಇಂಧನ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ.

ದೋಣಿಯ ಎಂಜಿನ್ ಗೆಲ್ಲುವುದು ಇಲ್ಲಿ. 1989ರ ಟ್ರಕ್ಕಿನಲ್ಲಿ ಟರ್ಬೊ ಇತ್ತು, ಅದರಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರಲಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. 150 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಅದೇ ಒತ್ತಡದಲ್ಲಿ 50 ಡಿಗ್ರಿಗೆ ತಣಿಸಿದರೆ ಅಷ್ಟೇ ಜಾಗದಲ್ಲಿ ಶೇ 30ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ದೋಣಿಗೆ ಈ ತಂಪು ಸುತ್ತಲ ನೀರಿನಲ್ಲೇ ಸಿಗುತ್ತದೆ. ಜೊತೆಗೆ ಟ್ರಕ್ಕಿನ ಎಂಜಿನ್ ನಿಮಿಷಕ್ಕೆ 2,500 ಸುತ್ತಿನಲ್ಲಿ 160 ಎಚ್‌ಪಿ ಕೊಟ್ಟರೆ, ದೋಣಿಯದು 370 ಕೊಡುವುದು 3,000 ಸುತ್ತಿನಲ್ಲಿ. ಸುತ್ತು ಹೆಚ್ಚಿದ್ದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಪಿಸ್ಟನ್ನಿನ ತಲೆಯ ಮೇಲೆ ಬಿದ್ದ ಭಾರ. ಲೆಕ್ಕ ಹಾಕಿದರೆ ಪಿಸ್ಟನ್ನನ್ನು ತಳ್ಳುವ ಸರಾಸರಿ ಒತ್ತಡ ಸುಮಾರು 9.7 ಬಾರ್‌ನಿಂದ 18.7 ಬಾರ್‌ಗೆ ಏರಿರುವುದು ಕಾಣುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ).

ಇಷ್ಟು ಭಾರವನ್ನು ಎಂಜಿನ್ ಎಷ್ಟು ಹೊತ್ತು ಹೊರಬಲ್ಲದು? ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಈ ಪ್ರಶ್ನೆಯಲ್ಲಿದೆ, ಎಚ್‌ಪಿ ಹೇಳುವ ಜಾಹೀರಾತುಗಳು ಇದನ್ನು ಬಿಟ್ಟುಬಿಡುತ್ತವೆ ಎನ್ನುವುದು ನನಗೆ ಬೇಸರದ ಸಂಗತಿ. ದೋಣಿಯ ಎಂಜಿನ್‌ಗಳಿಗೆ ಕಮಿನ್ಸ್ ಕೊಡುವ ‘ಹೈ ಔಟ್‌ಪುಟ್’ ದರ್ಜೆಯ ಷರತ್ತು ನೋಡಿ: ಓಡಿಸುವ ಪ್ರತಿ ಎಂಟು ಗಂಟೆಯಲ್ಲಿ ಪೂರ್ಣ ಶಕ್ತಿ ಒಂದೇ ಗಂಟೆ, ವರ್ಷಕ್ಕೆ ಒಟ್ಟು ಬಳಕೆ 500 ಗಂಟೆಯೊಳಗೆ. ಹಗಲಿರುಳು ಪೂರ್ಣ ಹೊರೆಯಲ್ಲಿ ದುಡಿಯಬೇಕಾದ ಎಂಜಿನ್‌ಗೆ ಬೇರೆಯೇ ದರ್ಜೆ, ಅದರ ಎಚ್‌ಪಿ ಕಡಿಮೆ.

ಜನರೇಟರಿನಲ್ಲಂತೂ ಒಂದೇ ಯಂತ್ರಕ್ಕೆ ಎರಡು ಅಂಕಿ ಸಾಮಾನ್ಯ. ಐಎಸ್‌ಒ 8528 ಮಾನದಂಡದ ಪ್ರಕಾರ, ಕರೆಂಟು ಹೋದಾಗಷ್ಟೇ ನಡೆಸುವ ‘ಸ್ಟ್ಯಾಂಡ್‌ಬೈ’ ಶಕ್ತಿಗೆ ವರ್ಷಕ್ಕೆ 200 ಗಂಟೆಯ ಮಿತಿ ಇದೆ. ಜನರೇಟರೇ ಮುಖ್ಯ ವಿದ್ಯುತ್ ಮೂಲವಾದಾಗಿನ ‘ಪ್ರೈಮ್’ ಶಕ್ತಿಗೆ ಗಂಟೆಗಳ ಮಿತಿ ಇಲ್ಲ, ಆದರೆ 24 ಗಂಟೆಯ ಸರಾಸರಿ ಹೊರೆ ಸಾಮಾನ್ಯವಾಗಿ ಆ ಶಕ್ತಿಯ ಶೇ 70 ಮೀರಬಾರದು. ಇನ್ನು, 50 ಹರ್ಟ್ಸ್ ವಿದ್ಯುತ್ ಕೊಡುವ ನಾಲ್ಕು ಧ್ರುವಗಳ ಜನರೇಟರು ನಿಮಿಷಕ್ಕೆ 1,500 ಸುತ್ತೇ ತಿರುಗಬೇಕು. ಸುತ್ತು ಏರಿಸಿ ಎಚ್‌ಪಿ ಗಳಿಸುವ ದಾರಿ ಅದಕ್ಕೆ ಮುಚ್ಚಿದೆ.

ಹಾಗಂತ ಎಲ್ಲ ವ್ಯತ್ಯಾಸವೂ ಹೊರೆ, ಹೊತ್ತುಗಳ ಲೆಕ್ಕವಲ್ಲ. 1996ರಲ್ಲಿ ಅದೇ ಡಾಡ್ಜ್ ಟ್ರಕ್ಕಿನಲ್ಲಿ ಮ್ಯಾನುಯಲ್ ಗೇರ್ ಇದ್ದದ್ದಕ್ಕೆ 215 ಎಚ್‌ಪಿ, ಆಟೊಮ್ಯಾಟಿಕ್ ಇದ್ದದ್ದಕ್ಕೆ 180. ಎಂಜಿನ್ ತಾಳಿದರೂ ಗೇರ್‌ಬಾಕ್ಸ್ ತಾಳಬೇಕಲ್ಲ! ಹೊಗೆಯ ನಿಯಮಗಳೂ ಮಾರುಕಟ್ಟೆಯ ಲೆಕ್ಕಾಚಾರವೂ ಇದರಲ್ಲಿ ಕೈಯಾಡಿಸುತ್ತವೆ.

‘ಒಂದೇ ಎಂಜಿನ್’ ಎನ್ನುವ ಮಾತನ್ನೂ ಎಚ್ಚರದಿಂದ ಬಳಸಬೇಕು. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ 75 ಪಿಎಸ್‌ನಲ್ಲೂ 90 ಪಿಎಸ್‌ನಲ್ಲೂ ಬಂತು (ಪಿಎಸ್ ಎಂದರೆ ಎಚ್‌ಪಿಗೆ ಬಹುತೇಕ ಸಮನಾದ ಅಳತೆ). ಎರಡರದ್ದೂ 1,248 ಸಿಸಿ. ಆದರೆ 90ರದ್ದಕ್ಕೆ ಹಾಕಿದ್ದು ರೆಕ್ಕೆಗಳ ಕೋನ ಬದಲಿಸಿಕೊಳ್ಳುವ ಬೇರೆ ಟರ್ಬೊ. ಕಮಿನ್ಸ್ ಎಂಜಿನ್ನಿನ ಲೋಹದ ಪಟ್ಟಿಯಲ್ಲಿ ಎಚ್‌ಪಿಯ ಜೊತೆಗೆ ‘ಸಿಪಿಎಲ್’ ಎಂಬ ಸಂಖ್ಯೆಯೂ ಇರುತ್ತದೆ. ಯಾವ ಪಿಸ್ಟನ್, ಯಾವ ಟರ್ಬೊ, ಇಂಧನ ಸಿಂಪಡಿಸುವ ಯಾವ ನಾಜಲ್ ಎಂದು ಹೇಳುವುದು ಆ ಸಂಖ್ಯೆ. ಬಿಡಿಭಾಗ ಕೊಳ್ಳುವವರಿಗೆ ಲೀಟರ್ ಲೆಕ್ಕಕ್ಕಿಂತ ಅದೇ ಮುಖ್ಯ.

ಇದನ್ನೆಲ್ಲ ಮರೆತು ಸ್ಕ್ರೂ ತಿರುಗಿಸಿದವರಿಗೆ, ಸಾಫ್ಟ್‌ವೇರ್ ಬದಲಿಸಿದವರಿಗೆ ಎಚ್‌ಪಿ ಸಿಕ್ಕೇ ಸಿಗುತ್ತದೆ, ಅದೂ ತಕ್ಷಣ. ಪಿಸ್ಟನ್ನಿನ ತಲೆಯಲ್ಲಿ ಬಟ್ಟಲಿನಂಥ ಒಂದು ತಗ್ಗಿದೆ. ಡೀಸೆಲ್ ಉರಿಯುವುದು ಅದರೊಳಗೆ. ಬೆಂಕಿ ಹೆಚ್ಚು ಕಾಯಿಸುವುದು ಆ ಬಟ್ಟಲಿನ ತೆಳು ಅಂಚನ್ನು. ಅಲ್ಯೂಮಿನಿಯಂ ಅಲ್ಲಿ ಕಾದು ತಣಿದು, ಮತ್ತೆ ಕಾದು ತಣಿದು, ಸಣ್ಣಗೆ ಬಿರುಕು ಬಿಡತೊಡಗುತ್ತದೆ. ಎಂಜಿನ್ ಬಿಚ್ಚುವವರೆಗೆ ಆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.