ನಲ್ಲಿಯಲ್ಲಿ ಸೀಮೆಎಣ್ಣೆ

ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ವಸತಿಗೃಹಗಳಲ್ಲಿ 2021ರ ನವೆಂಬರ್ 28ರ ಭಾನುವಾರ ನಲ್ಲಿ ತಿರುಗಿಸಿದವರಿಗೆ ನೀರಿನ ಜೊತೆ ಸೀಮೆಎಣ್ಣೆಯ ವಾಸನೆಯೂ ಬಂತು. ಮರುದಿನ ಅಧಿಕಾರಿಗಳು ಕೊಟ್ಟ ಉತ್ತರ: ನೀರು ಸುರಕ್ಷಿತವಲ್ಲ ಎನ್ನಲು ಸದ್ಯ ಯಾವ ಸೂಚನೆಯೂ ಇಲ್ಲ, ನಾವೂ ಅದನ್ನೇ ಕುಡಿಯುತ್ತಿದ್ದೇವೆ. ಅಷ್ಟರಲ್ಲಿ ಆ ನೀರಿನ ಮೂಲಗಳಲ್ಲೊಂದಾದ ರೆಡ್ ಹಿಲ್ ಬಾವಿಯ ಪಂಪನ್ನು ನೌಕಾಪಡೆ ಸದ್ದಿಲ್ಲದೆ ನಿಲ್ಲಿಸಿಯೂ ಆಗಿತ್ತು. ಈ ವಿಷಯ ಜನರಿಗೆ ತಿಳಿದದ್ದು ಡಿಸೆಂಬರ್ 2ರಂದು.

ಇಂಥ ಗಲಾಟೆ ಎದ್ದಾಗ ತಿಳಿದವರು ಅನ್ನಿಸಿಕೊಂಡವರೆಲ್ಲ ಒಂದು ಮಾತು ಆಡುತ್ತಾರೆ: ಜನ ಸುಮ್ಮನೆ ಹೆದರುತ್ತಾರೆ, ಪ್ರಯೋಗಾಲಯದ ವರದಿ ಬರಲಿ. ವರದಿ ಬರಬೇಕು, ಸರಿ. ಆದರೆ ಸೀಮೆಎಣ್ಣೆಯ ವಿಷಯದಲ್ಲಿ ಮೂಗು ಎಷ್ಟು ಸೂಕ್ಷ್ಮ ಉಪಕರಣ ಎಂಬುದನ್ನು ಈ ಪಂಡಿತರು ಮರೆತಿರುತ್ತಾರೆ. ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. ಮಾಮೂಲಿ ಕುಡಿಯುವ ನೀರಿನ ಪರೀಕ್ಷೆಯೋ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಪೆಟ್ರೋಲಿನಲ್ಲಿರುವ ವಿಷವಸ್ತು ಬೆಂಜೀನ್ ಇದೆಯೇ ಎಂದು ಕೇಳಿದರೆ ಬೆಂಜೀನ್ ಅಷ್ಟನ್ನೇ ಹೇಳುತ್ತದೆ. ಅಮೆರಿಕದಲ್ಲಿ ಬೆಂಜೀನ್‌ಗೆ ಲೀಟರಿಗೆ 5 ಮೈಕ್ರೊಗ್ರಾಂ ಎಂಬ ಮಿತಿ ಇದೆ, ಒಟ್ಟು ಪೆಟ್ರೋಲಿಯಂ ಅಂಶಕ್ಕೆ ದೇಶವ್ಯಾಪಿ ಮಿತಿಯೇ ಇಲ್ಲ. ಇಲ್ಲಿ ಸೋರಿದ್ದು ಜೆಪಿ-5, ವಿಮಾನವಾಹಕ ನೌಕೆಗಳಿಗೆಂದೇ 60 ಡಿಗ್ರಿಗಿಂತ ಕೆಳಗೆ ಕಿಡಿಗೆ ಹೊತ್ತಿಕೊಳ್ಳದಂತೆ ತಯಾರಿಸುವ ಜೆಟ್ ವಿಮಾನದ ಇಂಧನ. ನಮ್ಮ ಸೀಮೆಎಣ್ಣೆಗೆ ಅದು ಖಾಸಾ ತಮ್ಮ. ಅದರಲ್ಲಿ ಬೆಂಜೀನ್ ತೀರಾ ಕಡಿಮೆ. ಹಾಗಾಗಿ ಬೆಂಜೀನ್ ಪರೀಕ್ಷೆಯಲ್ಲಿ ಪಾಸಾದ ನೀರು ಎಣ್ಣೆ ನಾರುತ್ತಿರುವುದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಎಣ್ಣೆ ಎಲ್ಲಿಂದ ಬಂತು ಎನ್ನುವುದಕ್ಕೆ ಎಂಬತ್ತು ವರ್ಷ ಹಿಂದೆ ಹೋಗಬೇಕು. ಶತ್ರುವಿಮಾನಗಳ ಕಣ್ಣಿಗೆ ಬೀಳದಂತೆ ಇಂಧನ ಬಚ್ಚಿಡಲು 1940ರಿಂದ 1943ರವರೆಗೆ ರೆಡ್ ಹಿಲ್ ಗುಡ್ಡದ ಹೊಟ್ಟೆ ಕೊರೆದು 20 ತೊಟ್ಟಿ ಕಟ್ಟಿದರು. ಒಂದೊಂದೂ 76 ಮೀಟರ್ ಎತ್ತರ, 30 ಮೀಟರ್ ಅಗಲ, ಒಳಗೆ ಉಕ್ಕಿನ ಹಾಳೆ, ಸುತ್ತ ಕಾಂಕ್ರೀಟು. ಒಂದಕ್ಕೆ ಸುಮಾರು 4.7 ಕೋಟಿ ಲೀಟರ್ ಹಿಡಿಯುತ್ತದೆ. ಎಂಜಿನಿಯರಿಂಗ್ ಸಾಹಸ ಎನ್ನುವುದರಲ್ಲಿ ಅನುಮಾನವಿಲ್ಲ. ತೊಂದರೆ ಏನೆಂದರೆ, ತೊಟ್ಟಿಯ ತಳದಿಂದ ಬರೀ 30 ಮೀಟರ್ ಕೆಳಗೆ, ಪರ್ಲ್ ಹಾರ್ಬರ್ ಇರುವ ಓಆಹು ದ್ವೀಪದ ಕುಡಿಯುವ ನೀರಿನ ಜಲಸ್ತರ. 2014ರಲ್ಲಿ ದುರಸ್ತಿ ಮುಗಿಸಿ ತುಂಬಿಸಿದ 5ನೇ ತೊಟ್ಟಿಯಿಂದ ಲಕ್ಷ ಲೀಟರ್ ಸೋರಿತ್ತು.

2021ರ ಕತೆಯಲ್ಲಿ ತೊಟ್ಟಿಯ ತಪ್ಪಿಲ್ಲ, ಕವಾಟ ತೆರೆದ ಕ್ರಮದ್ದು. ಮೇ 6ರಂದು ಇಂಧನ ವರ್ಗಾಯಿಸುವಾಗ ಕವಾಟಗಳನ್ನು ಹಿಂದುಮುಂದಾಗಿ ತಿರುಗಿಸಿದರು. ಕೊಳವೆಯ ಒಂದು ಭಾಗದಲ್ಲಿ ನಿರ್ವಾತ ಉಂಟಾಗಿ, ಆ ಖಾಲಿ ಜಾಗಕ್ಕೆ ಇಂಧನ ನುಗ್ಗಿ ಬಡಿಯಿತು. ಪಂಪ್‌ಸೆಟ್ ಇರುವ ರೈತರಿಗೆ ಈ ಬಡಿತ ಗೊತ್ತು: ಕರೆಂಟು ಹೋದ ಕೂಡಲೇ ಮೇಲೇರಿದ್ದ ನೀರು ಹಿಂದಕ್ಕೆ ಬಿದ್ದು ಕವಾಟಕ್ಕೆ ಅಪ್ಪಳಿಸಿ ಪೈಪು ನಡುಗುತ್ತದೆ. ಇದರ ಲೆಕ್ಕ ಸುಲಭ. ದ್ರವದ ಸಾಂದ್ರತೆ, ಅದರಲ್ಲಿ ಒತ್ತಡದ ಅಲೆ ಓಡುವ ವೇಗ, ತಟ್ಟನೆ ನಿಂತ ಹರಿವಿನ ವೇಗ, ಮೂರನ್ನೂ ಗುಣಿಸಿ. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ಹರಿಯುತ್ತಿದ್ದ ಸೀಮೆಎಣ್ಣೆ ತಟ್ಟನೆ ನಿಂತರೆ ಸುಮಾರು 9 ಬಾರ್ ಒತ್ತಡ ಏರುತ್ತದೆ, ಲಾರಿ ಟೈರಿನ ಗಾಳಿಗಿಂತ ಹೆಚ್ಚು. ಕೊಳವೆಯ ಜೋಡಣೆ ಬಿಟ್ಟುಕೊಂಡಿತು. ಸುಮಾರು 75,000 ಲೀಟರ್ ಇಂಧನ ಬೆಂಕಿ ಆರಿಸುವ ವ್ಯವಸ್ಥೆಯ ಒಂದು ಪಿವಿಸಿ ಪೈಪಿಗೆ ಇಳಿದು ಯಾರ ಲೆಕ್ಕಕ್ಕೂ ಸಿಗದೆ ಆರು ತಿಂಗಳು ಅಲ್ಲೇ ಕೂತಿತು. ಸೋರಿದ್ದು ಸುಮಾರು 6,000 ಲೀಟರ್ ಎಂದು ಮೊದಲು ಬರೆದುಕೊಂಡಿದ್ದರು. ಉಳಿದದ್ದು ಎಲ್ಲಿ ಹೋಯಿತೆಂದು ತೊಟ್ಟಿಯ ಮಟ್ಟ ನೋಡಿ ಪಟ್ಟು ಹಿಡಿದು ಕೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಎಣ್ಣೆಯ ಭಾರಕ್ಕೆ ಪೈಪು ಜೋತುಬಿದ್ದಿತ್ತು. ನವೆಂಬರ್ 20ರಂದು ಸುರಂಗದೊಳಗೆ ಓಡಾಡುವ ಪುಟ್ಟ ರೈಲುಗಾಡಿ ಅದರ ಕವಾಟಕ್ಕೆ ಬಡಿದು, ಎಣ್ಣೆ ಹೊರಚೆಲ್ಲಿ ಬಾವಿಯ ನೀರಿಗೆ ಇಳಿಯಿತು.

ಇನ್ನು ಬಾವಿ. ರೆಡ್ ಹಿಲ್‌ನದು ನಮ್ಮ ಕೊಳವೆಬಾವಿಯಂಥದ್ದಲ್ಲ. ಇಳಿಜಾರಾಗಿ ಒಳಗೆ ಹೋಗಿ, ಅಂತರ್ಜಲದ ಮಟ್ಟದಲ್ಲಿ ಅಡ್ಡಲಾಗಿ ಕೊರೆದ ಸುರಂಗ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿಗೆ ದೂರದ ನೆಂಟ. ಹೀಗೆ ಕೊರೆಯುವುದಕ್ಕೆ ಕಾರಣ ಇದೆ. ದ್ವೀಪದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಮಸೂರ. ಸಮುದ್ರಮಟ್ಟದ ಮೇಲೆ ಸಿಹಿನೀರು 1 ಮೀಟರ್ ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ, ಮಂಜುಗಡ್ಡೆಯ ತುದಿ ಮಾತ್ರ ನೀರಿನ ಮೇಲೆ ಕಾಣುವ ಹಾಗೆ. ಮೇಲೆ 1 ಮೀಟರ್ ಕರಗಿತೋ, ಕೆಳಗಿಂದ ಉಪ್ಪು ಕ್ರಮೇಣ 40 ಮೀಟರ್ ಏರಿ ಬರುತ್ತದೆ. ಕರಾವಳಿಯಲ್ಲಿ ಬೇಸಗೆಗೆ ಬಾವಿ ಉಪ್ಪಾಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳಕ್ಕೆ ಕೊಳವೆ ಇಳಿಸಿ ಜಗ್ಗುವ ಬದಲು ಮೇಲಿನ ಪದರವನ್ನಷ್ಟೇ, ಹಾಲಿನ ಕೆನೆ ಸೌಟಿನಲ್ಲಿ ತೆಗೆದಂತೆ, ಮೆಲ್ಲಗೆ ಎತ್ತುವುದು ಜಾಣತನ. ಆದರೆ ಎಣ್ಣೆ ತೇಲುವುದೂ ಅದೇ ಕೆನೆಯ ಜಾಗದಲ್ಲಿ! ಉಪ್ಪಿನಿಂದ ಕಾಪಾಡುವ ವಿನ್ಯಾಸವೇ ಎಣ್ಣೆಯನ್ನು ಬಾಚಿ ಪಂಪಿಗೆ ಕೊಟ್ಟಿತು.

ಡಿಸೆಂಬರ್‌ನಲ್ಲಿ ಹವಾಯಿಯ ಆರೋಗ್ಯ ಇಲಾಖೆ ಪ್ರಕಟಿಸಿದ ಬಾವಿಯ ಫಲಿತಾಂಶ: ಡೀಸೆಲ್ ಶ್ರೇಣಿಯ ಪೆಟ್ರೋಲಿಯಂ (ಸೀಮೆಎಣ್ಣೆಯೂ ಈ ಗುಂಪಿಗೇ ಬೀಳುತ್ತದೆ) ಲೀಟರಿಗೆ 1,40,000 ಮೈಕ್ರೊಗ್ರಾಂ, ಅಂದರೆ ರಾಜ್ಯದ ಆಗಿನ ಮಿತಿ 400ರ 350 ಪಟ್ಟು. ಪತ್ರಿಕೆಗಳು 350 ಪಟ್ಟನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ಅದಕ್ಕಿಂತ ಮಾತಾಡುವ ಅಂಕಿ ಇನ್ನೊಂದಿದೆ. ಸೀಮೆಎಣ್ಣೆ ನೀರಿನಲ್ಲಿ ಕರಗುವುದು ಲೀಟರಿಗೆ ಹೆಚ್ಚೆಂದರೆ 5 ಮಿಲಿಗ್ರಾಂ ಆಸುಪಾಸು. ಸಿಕ್ಕಿದ್ದು 140 ಮಿಲಿಗ್ರಾಂ. ಅಂದರೆ ಆ ಸೀಸೆಗೆ ಬಂದದ್ದರಲ್ಲಿ ಬಹುಪಾಲು ಎಣ್ಣೆಯ ಹನಿಗಳೇ. ಕೆಲವು ಮನೆಗಳಲ್ಲಿ ಬಕೆಟ್ಟಿನ ಮೇಲೆ ಕಂಡ ಕಾಮನಬಿಲ್ಲಿಗೂ ಇದೇ ಕಾರಣ. ಆ ಬಣ್ಣ ಕಾಣಲು 0.3 ಮೈಕ್ರಾನ್ ದಪ್ಪದ ಪದರ ಸಾಕು: ಒಂದು ಟೀ ಚಮಚ ಎಣ್ಣೆ ಗುಂಟೆಯ ಆರನೇ ಒಂದು ಭಾಗಕ್ಕೆ ಹರಡಿದಷ್ಟು. (ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲ್ಯಾಪಂ ಕೊಳದಲ್ಲಿ ಒಂದು ಚಮಚ ಎಣ್ಣೆ ಸುರಿದು ಅರ್ಧ ಎಕರೆ, ನಮ್ಮ ಇಪ್ಪತ್ತು ಗುಂಟೆ, ನೀರನ್ನು ಕನ್ನಡಿಯಂತೆ ಮಾಡಿದ್ದ. ಅಷ್ಟು ತೆಳ್ಳಗೆ ಹರಡುವ ಗುಣ ಸೀಮೆಎಣ್ಣೆಗಿಲ್ಲ.)

ಕುದಿಸಿದರೆ ಆಗದೇ? ಆಗದು. ಕುದಿಸುವುದು ಕ್ರಿಮಿಗಳಿಗೆ ಮದ್ದು. ನೀಲಗಿರಿ ಎಲೆಯಿಂದ ಎಣ್ಣೆ ಇಳಿಸುವವರನ್ನು ಕೇಳಿ: ಎಣ್ಣೆಯ ಕುದಿಬಿಂದು 170 ಡಿಗ್ರಿ ದಾಟಿದ್ದರೂ ಹಬೆ ಅದನ್ನು 100ಕ್ಕೂ ಮೊದಲೇ ಹೊತ್ತೊಯ್ಯುತ್ತದೆ. ನೀರೂ ಎಣ್ಣೆಯೂ ಬೆರೆಯದೆ ಇದ್ದಾಗ ಎರಡರ ಆವಿಯ ಒತ್ತಡ ಕೂಡಿಕೊಳ್ಳುತ್ತದೆ, ಗಾಡಿ ಎಳೆಯಲು ಎರಡು ಎತ್ತು ಸೇರಿದಂತೆ. ಕೆಟ್ಟ ನೀರನ್ನು ಒಲೆಗಿಟ್ಟರೆ ಆಗುವುದು ಇದೇ. ಹಗುರ ಭಾಗ ಅಡುಗೆಮನೆಯ ಗಾಳಿಗೆ, ಭಾರದ ಭಾಗ ಪಾತ್ರೆಯಲ್ಲಿ. ಬಾಗಿಲು ಹಾಕಿಕೊಂಡು ಬಿಸಿನೀರು ಸ್ನಾನ ಮಾಡಿದರೆ ಬಚ್ಚಲುಮನೆಯೇ ಭಟ್ಟಿ.

ಬಾವಿ ನಿಲ್ಲಿಸಿದ ಮೇಲೂ ವಾಸನೆ ಹೋಗಲಿಲ್ಲ ಎಂಬ ದೂರನ್ನು ಕೆಲವರು ಮನಸ್ಸಿನ ಭ್ರಮೆ ಎಂದರು. ಸೀಮೆಎಣ್ಣೆ ಕ್ಯಾನನ್ನು ಸೋಪು ಹಾಕಿ ನಾಲ್ಕು ಸಲ ತೊಳೆದು ನೀರು ತುಂಬಿಟ್ಟು ನೋಡಿದವರು ಹಾಗೆ ಹೇಳಲಾರರು. ಎಣ್ಣೆಯ ಅಣುಗಳು ಪ್ಲಾಸ್ಟಿಕ್ಕಿನೊಳಕ್ಕೆ, ರಬ್ಬರ್ ವಾಷರಿನೊಳಕ್ಕೆ ಇಂಗಿರುತ್ತವೆ. ಒಳ್ಳೆಯ ನೀರು ಬಂದಾಗ ನಿಧಾನವಾಗಿ ಹಿಂತಿರುಗುತ್ತವೆ. ಅದಕ್ಕೇ ಇಡೀ ಜಾಲವನ್ನು ವಲಯ ವಲಯವಾಗಿ ತೊಳೆದರು. ಹೊರಬಿಟ್ಟ ನೀರನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿದರು. ಮನೆಯೊಳಗೆ ವಾಟರ್ ಹೀಟರನ್ನು ಬುಡದಿಂದ ಬರಿದು ಮಾಡಿ, ಎಲ್ಲ ನಲ್ಲಿ ಬಿಟ್ಟು, ಫ್ರಿಜ್ಜಿನ ಫಿಲ್ಟರ್ ಎಸೆಯಬೇಕು. ಹೀಟರ್ ಮರೆತರೆ ಮಾಡಿದ್ದೆಲ್ಲ ದಂಡ: ತೇಲುವ ಎಣ್ಣೆಗೆ ಅದರ ಮೇಲ್ಭಾಗ ಹೇಳಿಮಾಡಿಸಿದ ಜಾಗ, ಬಿಸಿನೀರು ಹೊರಡುವುದೂ ಅಲ್ಲಿಂದಲೇ. ಕುಡಿಯಬೇಡಿ ಎಂಬ ಸೂಚನೆಯನ್ನು ಕೊನೆಯ ವಲಯಕ್ಕೂ ತೆಗೆದದ್ದು 2022ರ ಮಾರ್ಚ್ 18ರಂದು.

ಮಾದರಿ ತೆಗೆಯುವುದರಲ್ಲೂ ಎಡವುವುದು ಸುಲಭ. ಹಗುರ ಅಂಶಗಳಿಗೆ 40 ಮಿಲಿಲೀಟರಿನ ಗಾಜಿನ ಶೀಶೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಬೇಕು. ಗುಳ್ಳೆ ಇದ್ದರೆ ಹಿಡಿಯಬೇಕಾದದ್ದು ಅದರೊಳಗೆ ಹೋಗಿ ಕೂರುತ್ತದೆ. ಭಾರದ ಅಂಶಗಳಿಗೆ ಕಂದು ಗಾಜಿನ ಸೀಸೆ. ಪ್ಲಾಸ್ಟಿಕ್ ಬಾಟಲಿ ಎಣ್ಣೆಯನ್ನು ತಾನೇ ಕುಡಿದುಬಿಡುತ್ತದೆ. ನಲ್ಲಿಯ ಜಾಲರಿ ಬಿಚ್ಚಬೇಕು. ಐಸಿನಲ್ಲಿಟ್ಟು ಸಾಗಿಸಬೇಕು. ಹತ್ತು ನಿಮಿಷ ನೀರು ಬಿಟ್ಟು ಆಮೇಲೆ ತುಂಬಿದ ಸೀಸೆ ಬೀದಿಯ ಪೈಪಿನ ಕತೆ ಹೇಳುತ್ತದೆ, ಮನೆಯದಲ್ಲ. ಮೂಗಿಗೂ ಮಿತಿ ಇದೆ: ಕೆಲವೇ ನಿಮಿಷಕ್ಕೆ ಅದು ವಾಸನೆಗೆ ಒಗ್ಗಿಕೊಳ್ಳುತ್ತದೆ. ಮನೆಯವರಿಗೆ ಏನೂ ಗೊತ್ತಾಗದೆ, ಬಾಗಿಲಲ್ಲಿ ನಿಂತ ನೆಂಟರು ಮೂಗು ಮುಚ್ಚಿಕೊಳ್ಳುವುದು ಇದಕ್ಕೇ. ವಾಸನೆ ಇದ್ದರೆ ಅದು ಸಾಕ್ಷಿ, ಇಲ್ಲದಿದ್ದರೆ ಕ್ಲೀನ್ ಚಿಟ್ ಅಲ್ಲ.

ಕಾಯಿಲೆಯ ಲೆಕ್ಕ ಇನ್ನೂ ಕಗ್ಗಂಟು. 2022ರ ಆರಂಭದಲ್ಲಿ ಅಮೆರಿಕದ ಕೇಂದ್ರ ಆರೋಗ್ಯ ಸಂಸ್ಥೆಗಳು ಮಾಡಿದ ಸಮೀಕ್ಷೆಯಲ್ಲಿ 2,289 ಜನರ ಪೈಕಿ ಶೇ 87ರಷ್ಟು ಮಂದಿ ತಲೆನೋವು, ವಾಕರಿಕೆ, ಚರ್ಮದ ತುರಿಕೆಯಂಥ ಒಂದಾದರೂ ತೊಂದರೆ ಹೇಳಿದರು. ತಾವಾಗಿ ಮುಂದೆ ಬಂದವರ ಸಮೀಕ್ಷೆ ಇದು. ನೊಂದವರೇ ಹೆಚ್ಚು ಬಂದಿರುತ್ತಾರೆ. ಹಾಗೆಂದು ಎಲ್ಲವನ್ನೂ ಗಾಬರಿಯ ಖಾತೆಗೆ ಬರೆಯುವುದು ಸೋಮಾರಿತನ.

ಅದೇ ದ್ವೀಪದ ಹೊನೊಲುಲು ನಗರದ ಜಲಮಂಡಳಿ ಮಾತ್ರ ವರದಿಗಳಿಗೆಲ್ಲ ಕಾಯುತ್ತ ಕೂರಲಿಲ್ಲ. ನಗರಕ್ಕೆ ಸುಮಾರು ಶೇ 20ರಷ್ಟು ನೀರು ಕೊಡುತ್ತಿದ್ದ ಪಕ್ಕದ ಹಾಲಾವಾ ಬಾವಿಯನ್ನು ಡಿಸೆಂಬರ್ ಮೊದಲ ವಾರವೇ ಮುಚ್ಚಿತು, ಅದರ ಪಂಪು ಎಣ್ಣೆಯನ್ನು ತನ್ನತ್ತ ಎಳೆದುಕೊಂಡೀತು ಎಂದು. ತೊಟ್ಟಿಗಳನ್ನೇ ಶಾಶ್ವತವಾಗಿ ಮುಚ್ಚುವುದಾಗಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ 2022ರ ಮಾರ್ಚ್ 7ರಂದು ಪ್ರಕಟಿಸಿದರು. ಬರಿದು ಮಾಡುವ ಕೆಲಸ ಶುರುವಾಗಲು 2023ರ ಅಕ್ಟೋಬರ್ ಬಂತು: ಅದೇ ಬಡಿತ ಇನ್ನೊಮ್ಮೆ ಕೊಳವೆ ಒಡೆಯದಿರಲಿ ಎಂದು ಮೊದಲು ಇನ್ನೂರಕ್ಕೂ ಹೆಚ್ಚು ದುರಸ್ತಿ ಮಾಡಬೇಕಾಯಿತು. ಆಗಲೂ ಹಾಲಾವಾ ಪಂಪು ನಿಂತೇ ಇತ್ತು.