ಮಂಡಿ ಸವೆತ: ಹಳ್ಳಿ ಪೋಸ್ಟಿಂಗ್‌ಗೆ ಹೋಗುವ ವೈದ್ಯ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಮಂಡಿ ಸವೆತದ ವೈದ್ಯಕೀಯ ಹೆಸರು ಆಸ್ಟಿಯೋಆರ್ಥ್ರೈಟಿಸ್. ಪರೀಕ್ಷೆಯಲ್ಲಿ ಅದನ್ನು 'ಕಾರ್ಟಿಲೇಜ್ (ಮೂಳೆ ತುದಿಯ ನುಣುಪಾದ ಮೃದು ಎಲುಬು) ಸವೆಯುವುದು' ಎಂದಷ್ಟೇ ಬರೆದರೆ ಅರ್ಧ ಅಂಕ ಸಿಗಬಹುದು. ಕಾರ್ಟಿಲೇಜ್ ಕೆಳಗಿನ ಮೂಳೆ ದಪ್ಪವಾಗುತ್ತದೆ, ಅಂಚಿನಲ್ಲಿ ಮೂಳೆಮುಳ್ಳು ಬೆಳೆಯುತ್ತದೆ, ಕೀಲಿನ ಒಳಪೊರೆ ಊದಿಕೊಳ್ಳುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಇಡೀ ಕೀಲಿಗೇ ಬರುವ ಕಾಯಿಲೆ ಇದು.

ಪರೀಕ್ಷೆಗಿಂತ ಹಳ್ಳಿಯಲ್ಲಿ ಹೆಚ್ಚು ಬೇಕಾಗುವ ವಿಷಯ ಒಂದಿದೆ. ಕಾರ್ಟಿಲೇಜಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ಭಾರ ಬಿದ್ದಾಗ ಅದರಿಂದ ದ್ರವ ಹೊರಬರುತ್ತದೆ, ಭಾರ ಇಳಿದಾಗ ಮತ್ತೆ ಒಳಗೆ ಹೋಗುತ್ತದೆ. ಪೋಷಣೆ ಸಿಗುವುದು ಹೀಗೆ. ಅಂದಮೇಲೆ 'ಸವೆದಿದೆ, ಸುಮ್ನೆ ಕೂತಿರಿ' ಎನ್ನುವುದು ಕೆಟ್ಟ ಸಲಹೆ ಅಲ್ವಾ? ಕಾರ್ಟಿಲೇಜಿಗೆ ನರವಿಲ್ಲದ ಕಾರಣ ನೋವು ಹುಟ್ಟುವುದು ಮೂಳೆ, ಒಳಪೊರೆ, ಸುತ್ತಲಿನ ಅಂಗಾಂಶಗಳಿಂದ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಗ್ಯಾಪ್ ಪೂರ್ತಿ ಹೋಗಿದ್ದರೂ ಒಬ್ಬರು ಗುಡ್ಡ ಹತ್ತುತ್ತಾರೆ, ಸ್ವಲ್ಪವೇ ಸವೆದಿರುವ ಇನ್ನೊಬ್ಬರು ನರಳುತ್ತಾರೆ. ಸವೆತ ಎಷ್ಟೆಂದು ಹೇಳಲು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಕೊಟ್ಟ 0ರಿಂದ 4ರ ಗ್ರೇಡ್ ಎಕ್ಸ್‌ರೇ ಫಿಲ್ಮನ್ನು ಅಳೆಯುತ್ತದೆ, ನೋವನ್ನಲ್ಲ.

ಮಂಡಿ ಸವೆತದಲ್ಲಿ ಬೆಳಿಗ್ಗೆ ಕೀಲು ಬಿಗಿದುಕೊಂಡರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಒಂದು ಗಂಟೆ ದಾಟಿದರೆ, ಕೈಬೆರಳ ಬುಡದ ಗಂಟುಗಳೂ ಊದಿದ್ದರೆ, ರುಮಟಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಬೀಳುವ ಬೇರೆ ಸಂಧಿವಾತ) ಇರಬಹುದೇ ಎಂದು ನೋಡಿ.

ಇನ್ನು ನಮ್ಮ ಮಲೆನಾಡು. ಅಡಿಕೆ ಕೊಯ್ಲಿನ ಕಾಲದಲ್ಲಿ 'ಅಡಿಕೆ ಸುಲಿಯಬೇಡಿ' ಎಂದರೆ ಯಾರು ಕೇಳುತ್ತಾರೆ? ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂರುವ ಬದಲು ಎತ್ತರದ ಸ್ಟೂಲ್ ಹಾಕಿಕೊಳ್ಳಿ, ನಡುನಡುವೆ ಎದ್ದು ಓಡಾಡಿ ಎನ್ನಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿಯುವುದು ನೋಯುವ ಮಂಡಿಯ ಎದುರಿನ ಕೈಯಲ್ಲಿ. ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ 5 ಸೆಕೆಂಡ್ ಹಿಡಿಯುವ ವ್ಯಾಯಾಮ ಹೇಳಿಕೊಡಿ. ತೊಡೆಯ ಸ್ನಾಯು ಬಲವಾದರೆ ಮಂಡಿಗೆ ಆಸರೆ. ತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕೆಜಿ ಹೊರೆ ಕಡಿಮೆ.

ಔಷಧಿಯಲ್ಲಿ ಮೊದಲು ಡೈಕ್ಲೋಫೆನಾಕ್ ಜೆಲ್. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಪೆಟ್ಟು. ಸ್ಟೀರಾಯ್ಡ್ ಇಂಜೆಕ್ಷನ್ನಿನ ಆರಾಮ ಕೆಲವು ವಾರ ಮಾತ್ರ. ಇದ್ಯಾವುದೂ ಸಾಲದೆ ಓಡಾಟವೇ ನಿಂತಾಗ ಮಂಡಿ ಬದಲಿ ಶಸ್ತ್ರಚಿಕಿತ್ಸೆ.

ಶಿವಮೊಗ್ಗ ಜಿಲ್ಲೆಯಲ್ಲಿ ಓದುವವರು ಹಂದಿಗೋಡು ಕಾಯಿಲೆ ಎಂಬ ಮೂಳೆ-ಕೀಲಿನ ಕಾಯಿಲೆಯನ್ನು ಬಿಡುವ ಹಾಗಿಲ್ಲ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಇದು 1970ರ ದಶಕದ ನಡುವೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ತಿಂದದ್ದು ಕಾರಣ ಎಂಬ ಗುಮಾನಿ ಮೊದಲು ಇತ್ತು. ಆಮೇಲಿನ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದವು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು. ವಯಸ್ಸಾದವರ ಮಂಡಿ ಸವೆತಕ್ಕೂ ಇದಕ್ಕೂ ಗಂಟು ಹಾಕಬೇಡಿ. ಇಲ್ಲಿ ಹೆಚ್ಚು ಹಾಳಾಗುವುದು ಸೊಂಟದ ಕೀಲು, ಅದೂ ಚಿಕ್ಕ ವಯಸ್ಸಿನಲ್ಲೇ. ಕೆಲವರು ಗಿಡ್ಡವಾಗಿಯೂ ಉಳಿಯುತ್ತಾರೆ. ಹಾಗಾಗಿ ಆ ಕಡೆಯ ಹುಡುಗನೋ ಹುಡುಗಿಯೋ ಸೊಂಟ ನೋವೆಂದು ಬಂದರೆ ಜೆಲ್ ಕೊಟ್ಟು ಕಳಿಸಬೇಡಿ. ನಡಿಗೆ ನೋಡಿ, ಮನೆಯಲ್ಲಿ ಬೇರೆ ಯಾರಿಗಿದೆ ಕೇಳಿ, ಸೊಂಟದ ಎಕ್ಸ್‌ರೇಗೆ ಬರೆದು ಮೂಳೆ ಡಾಕ್ಟರ ಹತ್ತಿರ ಕಳಿಸಿ.